ಕಡಿಯದೇ ಉಳಿದ ಗಂಡು ಪಪ್ಪಾಯಿ

ತಾಲೂಕಿನ ದವಾಖಾನೆಯ ಹಿಂದೆ, ನಳದ ಹತ್ತಿರ ನಿಂತಿದ್ದೆ. ಆಗಷ್ಟೇ ನರ್ಸಬಾಯಿ ಬಾಗಿಲು ಅರ್ಧ ತೆರೆದು, ಹೆಣ್ಣು ಕೂಸು, ಇಬ್ಬರೂ ಆರಾಮ ಇದ್ದಾರೆ ಎಂದು ಹೇಳಿ ಹೋಗಿದ್ದಳು. ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಸಕ್ಕರೆ ತರಲೆಂದು ಹೊರಬಿದ್ದವಳು ಅಂಗಡಿಯ ಕಡೆ ಹೋಗದೆ ನಳದ ಕಡೆ ಹೋಗಿದ್ದೆ. ನಳ ತಿರುವಿ, ಕೈಯನ್ನೂ ತೊಳೆಯದೆ, ಸುಮ್ಮನೆ ನೀರು ಬೀಳುವುದನ್ನು ನೋಡುತ್ತಿದ್ದೆ. ನಾನು ಹೆತ್ತದ್ದು ಮೂರೂ ಗಂಡು. ದೊಡ್ಡವರಿಬ್ಬರಿಗೂ ಗಂಡುಮಕ್ಕಳೇ. ನಮ್ಮ ಮನೆಯ ಹಗ್ಗದ ಮೇಲೆ ಇಷ್ಟು ವರ್ಷ ಒಣಗಿದ್ದೆಲ್ಲ ಬರೀ ಚಡ್ಡಿ, ಅಂಗಿ. ಈಗ ಸಣ್ಣ ಮಗನಿಗೆ ಮಗಳು ಹುಟ್ಟಿದ್ದಳು.

ಆಗ ಒಂದು ವಾಸನೆ ಬಂತು. ಮಲ್ಲಿಗೆ ಎನ್ನೋಣವೆಂದರೆ ಮಲ್ಲಿಗೆಯಲ್ಲ, ಅದಕ್ಕಿಂತ ತೆಳುವಾದದ್ದು, ತುಸು ಹಸಿ ಹಾಲಿನಂಥದ್ದು. ತಿರುಗಿ ನೋಡಿದರೆ ಕಂಪೌಂಡ್ ಗೋಡೆಗೆ ಆನಿಕೊಂಡು ಒಂದು ಪಪ್ಪಾಯಿ ಗಿಡ. ಒಂದೂ ಕಾಯಿ ಇಲ್ಲ. ಉದ್ದುದ್ದ ಎಳೆಗಳಲ್ಲಿ ಸಣ್ಣ ಸಣ್ಣ ಬಿಳಿ ಹೂವು ಜೋತುಬಿದ್ದಿದ್ದವು. ಗಂಡು ಗಿಡ. ನನಗೆ ನಗೆ ಬಂತು, ಅದರ ಹಿಂದೆಯೇ ಅಳು ಬಂತು. ಬಕೀಟು ಹಿಡಿದು ನಿಂತಿದ್ದ ಹೆಣ್ಣುಮಗಳೊಬ್ಬಳು, ಏನಾದರೂ ಆಗಬಾರದ್ದು ಆಯಿತೇ ಎಂದು ಮೆಲ್ಲಗೆ ಕೇಳಿದಳು. ಇಲ್ಲ, ಮೊಮ್ಮಗಳು ಹುಟ್ಟಿದ್ದಾಳೆ ಎಂದೆ. ಆಕೆಗೆ ಏನೂ ತಿಳಿಯಲಿಲ್ಲ. ನನಗಾದರೂ ಎಲ್ಲಿ ತಿಳಿದಿತ್ತು… ಬಾಜೂಮನೆ ಅಕ್ಕ ನೆನಪಾಗಿದ್ದಳು, ಅಷ್ಟೇ.

ನಾನು ಸೊಸೆಯಾಗಿ ಬಂದ ಊರು ಕುಂದಗೋಳದ ಕಡೆಯದು, ಅಗದಿ ಕರಿ ಎರೆ ನೆಲ. ನಮ್ಮ ಹಿತ್ತಲಿಗೂ ಅಕ್ಕನ ಹಿತ್ತಲಿಗೂ ನಡುವೆ ಎದೆಮಟ್ಟದ ಮಣ್ಣಿನ ಗೋಡೆ, ಅದರಲ್ಲಿ ಒಬ್ಬರು ದಾಟುವಷ್ಟು ಹರಕು. ಆಕೆಯ ಗಂಡ ಹತ್ತಿ ಜಿನ್ನಿಗೆ, ಬೀಜ ಬಿಡಿಸುವ ಕಾರ್ಖಾನೆಗೆ, ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಬರುವಾಗ ಅವರ ಮೀಸೆಯ ಮೇಲೂ ಅರಳೆ ಕೂತಿರುತ್ತಿತ್ತು. ಒಬ್ಬನೇ ಮಗ, ಅಳ್ನಾವರದಲ್ಲಿ ರೈಲ್ವೆ ಕೆಲಸ. ಅಕ್ಕನಿಗೆ ಉಳಿದ ಹೊತ್ತೆಲ್ಲ ಪಪ್ಪಾಯಿಯದು.

ಎರೆ ಮಣ್ಣಿಗೂ ಪಪ್ಪಾಯಿಗೂ ಕೂಡಿಬರುವುದಿಲ್ಲ. ಮಳೆ ಹಿಡಿದರೆ ನೀರು ಬುಡದಲ್ಲೇ ನಿಂತು ಕಾಂಡ ಕೊಳೆಯುತ್ತದೆ. ಅಕ್ಕ ಅದಕ್ಕಾಗಿ ಎಲ್ಲಿಂದಲೋ ಬುಟ್ಟಿಯಲ್ಲಿ ಮಸಾರಿ ಮಣ್ಣು, ಆ ಕೆಂಪು ಮಣ್ಣು, ಹೊತ್ತು ತಂದು ದಿಬ್ಬ ಮಾಡುತ್ತಿದ್ದಳು. ಬೀಜದ ಮೇಲಿನ ಲೋಳೆ ಹೋಗುವಂತೆ ಒಲೆಯ ಬೂದಿಯಲ್ಲಿ ತಿಕ್ಕಿ, ನೆರಳಲ್ಲಿ ಒಣಗಿಸಿ ಊರುತ್ತಿದ್ದಳು. ಒಂದೇ ಕುಣಿಗೆ ಮೂರು ಸಸಿ. ಗಂಡೋ ಹೆಣ್ಣೋ ಹೂವು ಬಿಡುವತನಕ ಯಾರಿಗೂ ತಿಳಿಯುವುದಿಲ್ಲ. ಹೆಣ್ಣು ಹೂವು ಕಾಂಡಕ್ಕೆ ಅಂಟಿಕೊಂಡು ದಪ್ಪಗೆ ಕೂರುತ್ತದೆ, ಗಂಡು ಹೂವು ಎಳೆ ಎಳೆಯಾಗಿ ಇಳಿಬೀಳುತ್ತದೆ. ಹೆಣ್ಣನ್ನು ಇಟ್ಟುಕೊಂಡು ಗಂಡನ್ನು ಕಡಿಯುವುದು. ಊರಿನಲ್ಲಿ ಉಳಿದೆಲ್ಲ ಲೆಕ್ಕಕ್ಕೂ ಇದು ಉಲ್ಟಾ. ಆಕೆಯ ಹಿತ್ತಲಿನಲ್ಲಿ ಮಾತ್ರ ಹೆಣ್ಣಾದರೆ ಹಬ್ಬ.

ನಮ್ಮತ್ತೆಗೆ ಆ ಗಿಡಗಳನ್ನು ಕಂಡರಾಗುತ್ತಿರಲಿಲ್ಲ. ಬಸುರಿ ಪಪ್ಪಾಯಿ ತಿಂದರೆ ಬಸಿರು ನಿಲ್ಲುವುದಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ನಾನು ಮೂರನೆಯದಕ್ಕೆ ಬಸುರಿ. ಅಕ್ಕನ ಮನೆಯಿಂದ ಒಂದು ಹೋಳೂ ಹರಕು ದಾಟಬಾರದೆಂದು ಅತ್ತೆ ಕಟ್ಟಪ್ಪಣೆ ಮಾಡಿದ್ದರು. ಆದರೆ ಅಕ್ಕ ಮಾತ್ರ ದಾಟಿ ಬರುತ್ತಿದ್ದಳು. ನನ್ನ ಕಾಲು ಬಾತಾಗ ಎಣ್ಣೆ ತಿಕ್ಕುತ್ತಿದ್ದಳು, ಹೆರಿಗೆಗೆ ತಾನೇ ಬಾಜೂಕ್ಕೆ ಕೂರುತ್ತೇನೆ ಎಂದಿದ್ದಳು. ಮೊದಲಿನ ಎರಡೂ ಹೆರಿಗೆಯಲ್ಲಿ ನಾನು ಬಹಳ ಅಂಜಿದ್ದೆ. ಈ ಸಲ ಆಕೆ ಇರುತ್ತಾಳಲ್ಲ ಎಂಬುದೊಂದೇ ಧೈರ್ಯ.

ದಿನ ತುಂಬುತ್ತಾ ಬಂದಾಗ ಒಂದು ಮುಂಜಾನೆ ನಾನು ಗೋಡೆಯ ಈಚೆ ಕೂತು ಪಾತ್ರೆ ತಿಕ್ಕುತ್ತಿದ್ದೆ. ಅತ್ತೆ ಹಿತ್ತಲ ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಗೋಡೆಯ ಆಚೆ ಅಕ್ಕ ಸಸಿಗೆ ನೀರು ಹಾಕುವ ಸಪ್ಪಳ. ಆಮೇಲೆ ಆಕೆಯ ದನಿ.

“ಹೆಣ್ಣಾಗು ನನ್ನವ್ವಾ, ಈ ಸಲರ ಹೆಣ್ಣಾಗು. ಗಂಡಾದ್ರ ಕಡದ ಹಾಕತೇನಿ ನೋಡು.”

ಅತ್ತೆಯ ಮೊರ ಕೆಳಗೆ ಬಿತ್ತು. ಎದ್ದು ಬಂದು ಗೋಡೆ ಹಿಡಿದು ನಿಂತರು.

“ಯಾರ್ನ ಕಡೀತಿಬೇ? ನಮ್ಮ ಮನಿ ಕೂಸನ್ನ?”

“ಗಿಡಕ್ಕ ಅಂದೇನ್ರಿ, ಗಿಡಕ್ಕ,” ಎಂದಳು ಅಕ್ಕ.

“ಗಿಡಕ್ಕ ಯಾರರ ಅವ್ವಾ ಅಂತಾರೇನ?”

ಅಕ್ಕ ನೀರಿನ ಚರಿಗೆ ತೋರಿಸಿದಳು, ಸಸಿ ತೋರಿಸಿದಳು, ಹೂವಿನ ಸಂಗತಿಯನ್ನೆಲ್ಲ ಹೇಳಿದಳು. ಅತ್ತೆಗೆ ಒಂದೂ ಕಿವಿಗೆ ಹೋಗಲಿಲ್ಲ. ನಾನು ಏಳಬೇಕೆಂದರೆ ಹೊಟ್ಟೆ ಬಿಡದು, ಕೈಯೆಲ್ಲ ಬೂದಿ. ಎದ್ದು ನಿಂತು ನೋಡಿದಾಗ ಅಕ್ಕ ನನ್ನನ್ನೇ ನೋಡುತ್ತಿದ್ದಳು. ನಾನು ಅಲ್ಲಿ ಕೂತದ್ದು ಆಕೆಗೆ ಮೊದಲೇ ಗೊತ್ತಿತ್ತೋ, ಆಗಲೇ ತಿಳಿಯಿತೋ… ಹೆಣ್ಣು ಬೇಕು ಎಂಬ ನನ್ನ ಆಸೆಯನ್ನು ಯಾವಾಗಲಾದರೂ ಆಕೆಗೆ ಹೇಳಿದ್ದೆನೇ ಎಂಬುದೂ ನನಗೆ ನೆನಪಾಗುವುದಿಲ್ಲ. ಹೇಳಿರಬೇಕು. ಹೇಳದೆಯೂ ಇರಬಹುದು.

ಅವತ್ತೇ ಅತ್ತೆ ಜಾಲಿ ಮುಳ್ಳಿನ ಕಂಟಿ ತರಿಸಿ ಹರಕು ಮುಚ್ಚಿಸಿದರು. ಅಕ್ಕ ಮುಂಬಾಗಿಲಿನಿಂದ ಬಂದರೆ ಕಟ್ಟೆಯ ಮೇಲೆ ಅತ್ತೆ ಕೂತಿರುತ್ತಿದ್ದರು. ಹೆರಿಗೆಯಲ್ಲಿ ಅಕ್ಕ ಬಾಜೂಕ್ಕಿರಲಿಲ್ಲ. ಆದರೆ ನೋವಿನ ನಡುವೆ ಗೋಡೆಯಾಚೆಯಿಂದ ಆಕೆ ಕೆಮ್ಮಿದ್ದು ಕೇಳಿಸಿತ್ತು. ಮತ್ತೆ ಕೆಮ್ಮಿದಳು. ಕೆಮ್ಮು ಬಂದ ಮನುಷ್ಯರ ಕೆಮ್ಮಲ್ಲ ಅದು, ಇದ್ದೇನೆ ಎಂದು ತಿಳಿಸುವ ಕೆಮ್ಮು. ಹುಟ್ಟಿದ್ದು ಗಂಡು. ಈಗ ಮಗಳ ತಂದೆಯಾದ ನನ್ನ ಸಣ್ಣ ಮಗ ಅವನೇ.

ಅಕ್ಕನ ಮೂರು ಸಸಿಗಳಲ್ಲಿ ಒಂದು ಕೊಳೆಯಿತು, ಒಂದನ್ನು ಆಡು ತಿಂದಿತು. ಉಳಿದದ್ದು ನನ್ನ ಮಗ ಮಗ್ಗುಲಾಗುವ ಹೊತ್ತಿಗೆ ಹೂವು ಬಿಟ್ಟಿತು. ಎಳೆ ಎಳೆಯಾಗಿ ಇಳಿಬಿದ್ದ ಹೂವು. ಅಕ್ಕ ಕೊಡಲಿ ಹಿಡಿದು ಹಿತ್ತಲಿಗೆ ಬಂದದ್ದನ್ನು ನಾನು ಕಿಟಕಿಯಲ್ಲಿ ನೋಡಿದೆ. ಅತ್ತೆಯೂ ನೋಡಿದರು. ಗಂಡಾದರೆ ಕಡಿದು ಹಾಕುತ್ತೇನೆ ಎಂಬ ಮಾತು ಅವರ ತಲೆಯಲ್ಲಿ ಹಾಗೇ ಕೂತಿತ್ತಲ್ಲ… ತೊಟ್ಟಿಲಲ್ಲಿ ಗಂಡು, ಹಿತ್ತಲಿನಲ್ಲೂ ಗಂಡು. ಅತ್ತೆ ಓಡಿದರು. ತಾವೇ ತುಂಬಿಸಿದ ಕಂಟಿಯನ್ನು ಬರಿಗೈಯಲ್ಲಿ ಕಿತ್ತು ಬಿಸಾಕಿ ಹರಕು ದಾಟಿದರು. ಕೈಯಲ್ಲಿ ರಕ್ತ, ಸೆರಗೆಲ್ಲ ಮುಳ್ಳು.

“ಕಡೀಬ್ಯಾಡಬೇ. ನೀ ಅಂದ ಮಾತ ನೀನ ತಿರಗಿ ತಗೋ.”

ಅಕ್ಕ ಕೊಡಲಿ ಕೆಳಗಿಟ್ಟಳು. ಗಂಡು ಗಿಡ ಇಟ್ಟುಕೊಂಡು ಏನು ಮಾಡಲಿ, ಪೂಜೆ ಮಾಡಲೇ ಎಂದು ಕೇಳಿದಳು. ಮಾಡು ಎಂದರು ಅತ್ತೆ, ನಗದೆ. ಅಕ್ಕ ಬಹಳ ಹೊತ್ತು ಅವರ ಕೈಯನ್ನೇ ನೋಡಿದಳು. ಆಮೇಲೆ ಒಳಗಿನಿಂದ ಅರಿಶಿಣ ತಂದು ಹಚ್ಚುತ್ತಾ ಅಂದಳು:

“ಹಂಗಾರ ನೀರ ನೀವ ಹಾಕ್ರಿ.”

ಅಂದಿನಿಂದ ನಮ್ಮತ್ತೆ ಪಪ್ಪಾಯಿಗೆ ನೀರು ಹೊರತೊಡಗಿದರು. ಮಳೆಗಾಲದಲ್ಲಿ ಬುಡದ ನೀರು ಬಸಿದು ಹೋಗಲು ಗುದ್ದಲಿಯಿಂದ ಗೀರು ಕೊರೆದರು. ಬಿಸಿಲಿಗೆ ಕಾಂಡಕ್ಕೆ ಹಳೆ ಗೋಣಿಚೀಲ ಸುತ್ತಿದರು. ಮಾಡುವ ರೀತಿಯನ್ನು ಅಕ್ಕ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದಳು, ಅತ್ತೆ ಗೊಣಗುತ್ತಾ ಮಾಡುತ್ತಿದ್ದರು. ಓಣಿಯವರು ನಕ್ಕಿದ್ದೇ ನಕ್ಕಿದ್ದು. ಈ ಮುದುಕಿಗೆ ಒಬ್ಬ ಮೊಮ್ಮಗ ತೊಟ್ಟಿಲಲ್ಲಿ, ಒಬ್ಬ ಹಿತ್ತಲಿನಲ್ಲಿ ಎಂದು ಆಡಿಕೊಂಡರು. ಹರಕನ್ನು ಮತ್ತೆ ಯಾರೂ ಮುಚ್ಚಲಿಲ್ಲ. ಒಂದೂ ಕಾಯಿ ಕೊಡದ ಗಿಡ ಅದು, ಸಂಜೆಯಾದರೆ ನಮ್ಮ ಅಡುಗೆಮನೆಯತನಕ ವಾಸನೆ ಕಳಿಸುತ್ತಿತ್ತು, ಅಷ್ಟೇ.

ಮಗ ಓಡಾಡುವಷ್ಟು ದೊಡ್ಡವನಾದ ಮೇಲೆ ಒಂದು ಸಲ ಗಾಳಿಗೆ ಗಿಡದ ತುದಿ ಮುರಿಯಿತು. ಅತ್ತೆ ಎರಡು ಹೊತ್ತು ಉಣ್ಣಲಿಲ್ಲ. ಆದರೆ ಬಾಜೂಕ್ಕೆ ಚಿಗುರು ಒಡೆಯಿತು, ಹೂವೂ ಬಂತು. ಆಮೇಲೆ ನಡೆದದ್ದನ್ನು ಈಗಲೂ ಜನ ನಂಬುವುದಿಲ್ಲ. ಆ ಉದ್ದ ಎಳೆಗಳ ತುದಿಯಲ್ಲಿ ಕಾಯಿ ಹಿಡಿದವು. ಸಣ್ಣವು, ಸೊಟ್ಟಗಿನವು, ಕಿವಿಯ ಝುಮಕಿಯಂತೆ ತೂಗುವಂಥವು. ಓಣಿಯೆಲ್ಲ ಬಂದು ನೋಡಿತು. ಅತ್ತೆ ನೆಟ್ಟಗೆ ಮನೆಗೆ ಬಂದು, ಆಡುತ್ತಿದ್ದ ನನ್ನ ಮಗನನ್ನು ರಟ್ಟೆ ಹಿಡಿದು ಬಚ್ಚಲಿಗೆ ಎಳೆದುಕೊಂಡು ಹೋಗಿ, ಚಡ್ಡಿ ಬಿಚ್ಚಿ ನೋಡಿ, ಎಲ್ಲ ಇದ್ದಲ್ಲೇ ಇದೆ ಎಂದು ಸಮಾಧಾನ ಮಾಡಿಕೊಂಡರು. ಅಕ್ಕ ಹರಕಿನಲ್ಲಿ ನಿಂತು ಇದನ್ನು ಕಂಡು, ನಕ್ಕು ನಕ್ಕು ಅಲ್ಲೇ ನೆಲಕ್ಕೆ ಕುಕ್ಕರಿಸಿದಳು. ಅತ್ತೆಗೆ ಮೊದಲು ಸಿಟ್ಟು ಬಂತು. ಆಮೇಲೆ ಅವರೂ ನಕ್ಕರು. ಅವರು ಅಷ್ಟು ನಕ್ಕದ್ದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಮೊದಲ ಹಣ್ಣನ್ನು ಅಕ್ಕ ಅತ್ತೆಯ ಕೈಗೇ ಕೊಟ್ಟಳು. ಸಪ್ಪಗಿತ್ತು. ಅತ್ತೆ ಮಾತ್ರ ಸಕ್ಕರೆ ಸಕ್ಕರೆ ಎಂದು ಸಿಪ್ಪೆಯತನಕ ತಿಂದರು.

ಅದೇ ದಿನಗಳಲ್ಲಿ ಒಮ್ಮೆ ನಾನು ಕೇಳಿದೆ. ಇಬ್ಬರೂ ಗೋಡೆಗೆ ಆನಿಕೊಂಡು ಹುಣಸೆಹಣ್ಣು ಬಿಡಿಸುತ್ತಿದ್ದೆವು.

“ಅಕ್ಕಾ, ಅವತ್ತ ಆ ಮಾತ ನೀ ಖರೇನ ಗಿಡಕ್ಕ ಅಂದಿದ್ದಿ?”

ಆಕೆ ಬೀಜ ತೆಗೆದು ಬಾಜೂಕ್ಕೆ ಹಾಕಿದಳು.

“ಒಂದ ಗಿಡಕ್ಕ ನೀರ ಹಾಕಿದ್ರ ಬಾಜೂಕಿನದಕ್ಕೂ ಅಷ್ಟ ಹರದ ಹೋಗತೈತಿ. ನನ್ನ ಏನ ಕೇಳತಿ? ಹರಿಯೂ ನೀರನ್ನ ಕೇಳು.”

ಇದು ಹೌದು ಎಂಬ ಉತ್ತರವೋ ಅಲ್ಲ ಎಂಬುದೋ ನನಗೆ ಆಗಲೂ ತಿಳಿಯಲಿಲ್ಲ. ಮತ್ತೆ ಕೇಳೋಣ ಎಂದುಕೊಂಡೆ. ಬಾಜೂಮನೆಯಲ್ಲೇ ಇದ್ದಾಳಲ್ಲ, ಯಾವಾಗ ಕೇಳಿದರಾಯಿತು…

ಗಿಡ ಒಂದು ಮಳೆಗಾಲದಲ್ಲಿ ಬುಡ ಕೊಳೆತು ಬಿತ್ತು. ಹುಡುಗನಿಗೆ ಏನೂ ಆಗಲಿಲ್ಲ, ಅತ್ತೆ ಆಗ ಅಂಜಲೂ ಇಲ್ಲ. ಪಪ್ಪಾಯಿ ಎಷ್ಟು ದಿನ ಬಾಳಬೇಕೋ ಅಷ್ಟು ಬಾಳಿತು ಎಂದರು. ಕೆಲವು ವರ್ಷದ ಮೇಲೆ ಅಕ್ಕನ ಗಂಡ ತೀರಿಕೊಂಡರು, ಮಗ ಬಂದು ಆಕೆಯನ್ನು ಅಳ್ನಾವರಕ್ಕೆ ಕರೆದುಕೊಂಡು ಹೋದ. ಹೋಗುವಾಗ ನನಗೆ ಬೂದಿ ಹಚ್ಚಿದ ಬೀಜ ಕೊಟ್ಟಳು. ಊರಿದೆ, ಎದ್ದವು, ನಮ್ಮ ನೆಲದಲ್ಲಿ ನಿಲ್ಲಲಿಲ್ಲ. ನನಗೆ ಆ ಕೈ ಇಲ್ಲ.

ಆಕೆ ಸತ್ತದ್ದು ನನಗೆ ಸಂಶಿಯ ಸಂತೆಯಲ್ಲಿ ತಿಳಿಯಿತು. ಅಳ್ನಾವರದ ಕಡೆಯವರೊಬ್ಬರನ್ನು, ಹೇಗಿದ್ದಾಳೆ ನಮ್ಮ ಅಕ್ಕ ಎಂದು ಕೇಳಿದೆ. ಅವರು, ಹೋಗಿ ಬಹಳ ದಿನವಾಯಿತಲ್ಲ, ನಿಮಗೆ ಗೊತ್ತಿಲ್ಲವೇ ಎಂದರು. ನಾನು ಬದನೆಕಾಯಿ ಆರಿಸುತ್ತಿದ್ದೆ, ಆರಿಸುತ್ತಲೇ ಇದ್ದೆ. ಆ ಬಹಳ ದಿನವೂ ನನ್ನ ಮನಸ್ಸಿನಲ್ಲಿ ಆಕೆ ಇದ್ದೇ ಇದ್ದಳು, ಏನೇನೋ ಹೇಳಬೇಕೆಂದು ಕೂಡಿಟ್ಟಿದ್ದೆ. ಅವನ್ನೆಲ್ಲ ಯಾರಿಗೆ ಕೂಡಿಟ್ಟೆನೋ ಈಗಲೂ ತಿಳಿಯುವುದಿಲ್ಲ.

ಮೊನ್ನೆ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ನಮ್ಮಲ್ಲಿ ಆಗ ಇಬ್ಬರು ಹೆಂಗಸರು ತೊಟ್ಟಿಲಿನ ಆಚೆ ಈಚೆ ನಿಂತು, ಕೂಸನ್ನು ತೊಟ್ಟಿಲಿನ ಮೇಲಿನಿಂದ ಒಬ್ಬರು ಕೊಟ್ಟರೆ ಅದರ ಕೆಳಗಿನಿಂದ ಇನ್ನೊಬ್ಬರು ತಿರುಗಿ ಕೊಡುತ್ತಾರೆ. ಈಚೆ ನಾನು ನಿಂತಿದ್ದೆ, ಆಚೆ ಸೊಸೆಯ ತಾಯಿ. ಎಷ್ಟು ಮೆತ್ತಗಿತ್ತು ಕೂಸು, ಕೊಟ್ಟುಬಿಡಲು ಮನಸ್ಸೇ ಆಗದು. ಸುತ್ತಲೂ ಹಾಡು, ನಗೆ, ನನ್ನ ಕಣ್ಣು ಮಂಜು. ತೊಟ್ಟಿಲಿನ ಕೆಳಗೆ ಬಗ್ಗಿ ಕೊಡುವಾಗ ಎದುರಿನವರ ಮುಖ ಕಾಣುವುದಿಲ್ಲ, ಬರೀ ಎರಡು ಕೈ ಕಾಣುತ್ತವೆ, ಹಸಿರು ಬಳೆಯ ಕೈ.

“ತಗೋ ಅಕ್ಕಾ,” ಎಂದೆ.

ಬೀಗತಿ ನನಗಿಂತ ಎಷ್ಟೋ ಸಣ್ಣವರು. ಆಚೆಯಿಂದ, ನಾ ನಿಮಗೆ ಅಕ್ಕ ಹೇಗಾದೆ ಎಂದು ನಕ್ಕರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ಕೈಗಳು ನನ್ನ ಮೊಮ್ಮಗಳನ್ನು ತೆಗೆದುಕೊಂಡವು. ನಾನು ಎಷ್ಟೋ ಹೊತ್ತು ಬಗ್ಗಿಯೇ ಇದ್ದೆ.