ಬೆನ್ನ ಮೇಲಿನ ಅಂಗೈ

ನಮ್ಮ ಬೆನ್ನಿನಲ್ಲಿ ನಮ್ಮ ಕೈಗೇ ಎಟುಕದ ಒಂದು ಜಾಗವಿದೆ. ಹೆಗಲ ಮೇಲಿಂದ ಕೈ ಇಳಿಬಿಟ್ಟರೂ, ಸೊಂಟ ಬಳಸಿ ಕೆಳಗಿನಿಂದ ತಂದರೂ ಬೆರಳ ತುದಿ ಅದರ ಸರಹದ್ದಿನವರೆಗೆ ಹೋಗಿ ಸೋತು ಹಿಂದಿರುಗುತ್ತದೆ. ಮನೆಯಲ್ಲಿ ಇನ್ನೊಬ್ಬರಿರುವ ತನಕ ಇದು ಯಾರಿಗೂ ಗೊತ್ತಾಗುವುದಿಲ್ಲ. ನನಗೆ ಗೊತ್ತಾದದ್ದು ಅಕ್ಕ ತೀರಿಕೊಂಡ ಮೇಲೆ, ಚಳಿಗಾಲದ ಒಂದು ಸಂಜೆ, ನೋವಿನ ಮುಲಾಮು ಹಿಡಿದು ಕಗ್ಗದಾಸಪುರದ ನಮ್ಮ ಪುಟ್ಟ ಮನೆಯೊಳಗೆ ಗಿರಗಿರನೆ ಸುತ್ತಿದಾಗ. ಕೊನೆಗೆ ಸೌಟಿನ ಹಿಡಿಗೆ ಹಳೆಯ ಬಟ್ಟೆ ಸುತ್ತಿ, ತುದಿಗೆ ಮುಲಾಮು ಮೆತ್ತಿ, ಹೇಗೋ ಬೆನ್ನಿಗೊಂದು ಒಗ್ಗರಣೆ ಹಾಕಿಕೊಂಡೆ. ಉರಿ ಸರಿಯಾದ ಜಾಗಕ್ಕೇ ತಗುಲಿತು. ಆದರೆ ಅಕ್ಕ ಮುಲಾಮು ಸವರುವಾಗ, "ಆಫೀಸಲ್ಲಿ ಅದೆಷ್ಟು ಬಗ್ಗಿ ಬರೀತೀಯೇ, ಗೂನಿ ಆಗ್ಬಿಡ್ತೀಯ" ಎಂದು ಬೈಯುತ್ತಿದ್ದಳು. ಸೌಟು ಏನೂ ಅನ್ನಲಿಲ್ಲ. ಅವತ್ತು ಅಡುಗೆಮನೆಯಲ್ಲೇ ಕುಳಿತು ಅತ್ತುಬಿಟ್ಟೆ.

ಅಕ್ಕನೂ ನಾನೂ ಮದುವೆಯಾದವರಲ್ಲ. ಅಪ್ಪನ ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದು, ಅವರು ನಿವೃತ್ತರಾದ ಮೇಲೆ ಈ ಮನೆಗೆ ಬಂದು, ಅವಳು ಶಾಲೆಯಲ್ಲಿ, ನಾನು ವಿಮಾ ಕಚೇರಿಯಲ್ಲಿ ದುಡಿಯುತ್ತ, ಒಬ್ಬರ ಜಡೆಯನ್ನು ಇನ್ನೊಬ್ಬರು ಹೆಣೆಯುತ್ತಲೇ ಐವತ್ತರ ಹತ್ತಿರ ಬಂದುಬಿಟ್ಟಿದ್ದೆವು. ಅವಳು ಹೋದ ಮೇಲೆ ನನ್ನನ್ನು ಮುಟ್ಟುವವರು ಯಾರೂ ಉಳಿಯಲಿಲ್ಲ. ಹೀಗೆ ನೇರವಾಗಿ ಬರೆಯಲು ಸಂಕೋಚವಾಗುತ್ತದೆ, ಆದರೂ ನಿಜ. ಈ ಊರಿನಲ್ಲಿ ಮುಟ್ಟುವವರಿಗೇನು ಬರ, ಹಲಸೂರಿನ ಬಸ್ಸು ಹತ್ತಿ ನೋಡಿ ಎಂದು ನೀವು ನಗಬಹುದು. ಹತ್ತಿದ್ದೇನೆ. ಮೊಣಕೈ, ಟಿಫನ್ ಡಬ್ಬಿ, ಯಾರದೋ ಮಗುವಿನ ಕಾಲು, ಎಲ್ಲವೂ ತಗುಲುತ್ತವೆ. ತಗುಲಿಸಿದವರು ಕೂಡಲೇ ಕಿಟಕಿಯಾಚೆ ನೋಡುತ್ತಾರೆ. ಶಿವಾಜಿನಗರದ ಬಳೆಯಂಗಡಿಯ ಮುದುಕಿ ಮಾತ್ರ ನನ್ನ ಕೈಯನ್ನು ತನ್ನ ಮಡಿಲಿಗೆಳೆದುಕೊಂಡು, ಗೆಣ್ಣು ಗೆಣ್ಣನ್ನೂ ಹಿಸುಕಿ ಮೆತ್ತಗೆ ಮಾಡಿ, ಗಾಜಿನ ಬಳೆ ಒಂದೂ ಒಡೆಯದಂತೆ ತೊಡಿಸುತ್ತಿದ್ದಳು. ಅಲ್ಲಿಗೆ ಹಬ್ಬದ ಮುಂಚೆ ಅಕ್ಕನ ಜೊತೆ ಹೋಗುವುದು ರೂಢಿ. ಒಬ್ಬಳೇ ಹೋಗಲು ಮನಸ್ಸಾಗದೆ ಅದೂ ನಿಂತುಹೋಯಿತು. ಇನ್ನು ಟೈಲರು ಅಳತೆಗೆ ಯಾವಾಗಲೂ ಹಳೆಯ ರವಿಕೆಯನ್ನೇ ಕೇಳುವವರು.

ಆ ಟೈಲರನ್ನು ಹುಡುಕಿಕೊಂಡು ಹೋದದ್ದರಿಂದಲೇ ಇದೆಲ್ಲ ಆಯಿತು. ಇಂದಿರಾನಗರದಲ್ಲಿ ಮೆಟ್ರೊ ಕೆಲಸಕ್ಕಾಗಿ ಅಂಗಡಿಗಳು ಮುಂಭಾಗ ಕಳಚಿಕೊಂಡು ನಿಂತಿದ್ದ ದಿನಗಳವು. ಅವರ ಅಂಗಡಿಯಿದ್ದಲ್ಲಿ ಅರ್ಧ ಗೋಡೆ ಉಳಿದಿತ್ತು. ಅದರ ಮೇಲೆ 'ಹಿಂದಿನ ಅಡ್ಡರಸ್ತೆ, ಮೊದಲ ಮಹಡಿ' ಎಂದು ಬರೆದಿತ್ತು. ಬಟ್ಟೆಯ ಚೀಲ ಹಿಡಿದು ನಾನು ಹತ್ತಿದ ಮೆಟ್ಟಿಲು ಪಕ್ಕದ ಕಟ್ಟಡದ್ದು. ಬಾಗಿಲ ಹೊರಗೆ ಚಪ್ಪಲಿಗಳು ಸಾಲಾಗಿದ್ದವು. ಒಳಗೆ ಮರದ ನೆಲ, ನಿಂಬೆಹುಲ್ಲಿನ ಪರಿಮಳ, ಗೋಡೆ ತುಂಬ ಕನ್ನಡಿ. ನಮ್ಮ ಟೈಲರಿಗೆ ಒಳ್ಳೆಯ ಕಾಲ ಬಂತಲ್ಲ ಎಂದುಕೊಂಡೆ. ಕಪ್ಪು ಟೀ ಶರ್ಟು ತೊಟ್ಟ ಹುಡುಗಿಯೊಬ್ಬಳು ಬಂದು, ನನ್ನನ್ನು ಮೇಲಿಂದ ಕೆಳಗೆ ನೋಡಿ, "ಎರಡೂ ಕೈ ಎತ್ತಿ ಆಂಟಿ, ನೋಡೋಣ" ಎಂದಳು. ಹೊಸ ಸಹಾಯಕಿ, ಅಳತೆ ತೆಗೆಯುತ್ತಾಳೆ ಎಂದು ಚೀಲ ಕೆಳಗಿಟ್ಟು ವಿಧೇಯಳಾಗಿ ಕೈ ಎತ್ತಿದೆ. ಅವಳು ಹಿಂದೆ ಬಂದು, ತನ್ನ ಅಂಗೈಯನ್ನು ನನ್ನ ಬೆನ್ನ ನಟ್ಟನಡುವೆ ಇಟ್ಟಳು.

"ಇಲ್ಲಿ ಕಲ್ಲಾಗ್ಬಿಟ್ಟಿದೆ. ತುಂಬಾ ನೋವಿರ್ಬೇಕಲ್ವಾ?"

"ಹೌದಮ್ಮಾ" ಎಂದೆ. ರವಿಕೆಯ ಮಾತನ್ನು ಎತ್ತಲೇ ಇಲ್ಲ.

ಸ್ಟುಡಿಯೊ ಎಂದರೆ ಫೋಟೊ ತೆಗೆಸುವ ಜಾಗವೆಂದೂ, ವ್ಯಾಯಾಮವೆಂದರೆ ಗರಡಿಮನೆಯ ಕೆಮ್ಮಣ್ಣೆಂದೂ ತಿಳಿದಿದ್ದ ನಾನು, ಬೆರಳೆಣಿಕೆಯ ಮಂದಿಗಾಗಿ, ಮೆಲುವಾದ ಸಂಗೀತ ಹಚ್ಚಿ, ಮ್ಯಾಟಿನ ಮೇಲೆ ಉಸಿರಾಡುವುದನ್ನೂ ಹೇಳಿಕೊಡುವ ಫಿಟ್‌ನೆಸ್ ಸ್ಟುಡಿಯೊಗೆ ಹೀಗೆ ಸೇರಿಕೊಂಡೆ. ಕಚೇರಿಯಲ್ಲಿ ಪಕ್ಕದ ಮೇಜಿನ ಸಹೋದ್ಯೋಗಿ, "ಏನ್ರೀ ಮೇಡಂ, ಈ ವಯಸ್ಸಲ್ಲಿ ಸ್ಲಿಮ್ ಆಗಿ ಯಾರಿಗೆ ತೋರಿಸ್ಬೇಕು?" ಎಂದು ತಮಾಷೆ ಮಾಡಿದರು. ನಾನೂ ನಕ್ಕೆ. ಆ ಪ್ರಶ್ನೆ ಮಾತ್ರ ಬಸ್ಸಿನಲ್ಲಿ ನನ್ನ ಜೊತೆಗೇ ಮನೆಯವರೆಗೂ ಬಂತು. ಹುಡುಗಿಯ ಹೆಸರು ರೇವತಿ, ಹಲಸೂರಿನವಳು. ಮನೆಯಲ್ಲಿ ತಮಿಳು, ಕ್ಲಾಸಿನಲ್ಲಿ ಇಂಗ್ಲಿಷು, ನನ್ನೊಬ್ಬಳ ಜೊತೆ ಕನ್ನಡ. ಕಾಲು ಚಾಚಿ ನೆಟ್ಟಗೆ ಕುಳಿತುಕೊಳ್ಳುವ ಒಂದು ಭಂಗಿಯಿತ್ತು. ಎಲ್ಲರೂ ಹಾಗೆ ಕುಳಿತಾಗ ಅವಳು ಬರಿಗಾಲಿನಲ್ಲಿ ಸಾಲಿನ ಹಿಂದೆ ನಡೆದುಬರುವಳು. ಸರಿಯಾಗಿ ಕುಳಿತವರನ್ನು ದಾಟಿ ಹೋಗುವಳು. ಬೆನ್ನು ಬಾಗಿದವರ ಹತ್ತಿರ ಮಂಡಿಯೂರಿ, ಅಂಗೈಯಿಟ್ಟು ಮೆಲ್ಲನೆ ಮೇಲಕ್ಕೆತ್ತುವಳು.

ಇನ್ನು ಮುಂದಿನದನ್ನು ನೀವು ಊಹಿಸಿರುತ್ತೀರಿ. ಕೆಲವೇ ವಾರಗಳಲ್ಲಿ ನನ್ನ ಬೆನ್ನು ನೇರವಾಯಿತು, ನೋವೂ ಹೊರಟುಹೋಯಿತು, ಕನ್ನಡಿಯಲ್ಲಿ ಅಪ್ಪನ ಎತ್ತರ ನನಗೂ ಇರುವುದು ಕಂಡು ಆಶ್ಚರ್ಯಪಟ್ಟೆ. ಆದರೆ ಅವಳ ಹೆಜ್ಜೆ ಹತ್ತಿರ ಬಂದೊಡನೆ ನಾನು ಬಾಡಿದ ಸೊಪ್ಪಿನಂತೆ ಕುಸಿದು ಕೂರುತ್ತಿದ್ದೆ. ಅಂಗೈ ಬರುತ್ತಿತ್ತು, ಬೆಚ್ಚಗೆ, ಒಂದೆರಡು ಉಸಿರಿನಷ್ಟು ಹೊತ್ತು ನಿಲ್ಲುತ್ತಿತ್ತು. "ಮೇಲಕ್ಕೆ ಆಂಟಿ, ಇನ್ನೂ ಮೇಲಕ್ಕೆ." ನಾನು ಬೇಕೆಂದೇ ತಡಮಾಡಿ ಏಳುತ್ತಿದ್ದೆ. ಇಡೀ ವಾರದಲ್ಲಿ ನನಗೆ ಸಿಗುತ್ತಿದ್ದ ಸ್ಪರ್ಶ ಅಷ್ಟೇ, ಅದಕ್ಕಾಗಿ ಶನಿವಾರವನ್ನು ಕಾಯುತ್ತಿದ್ದೆ. ದಡ್ಡರಿಗೆ ಮೇಷ್ಟರ ಗಮನ ಹೆಚ್ಚೆಂದು ಶಾಲೆಯಲ್ಲಿ ಹೊಟ್ಟೆಕಿಚ್ಚುಪಟ್ಟಿದ್ದ ಜಾಣ ಹುಡುಗಿಗೆ ಕೊನೆಗೂ ದಡ್ಡಿಯಾಗುವ ಭಾಗ್ಯ ದೊರಕಿತ್ತು.

ಒಂದು ದಿನ ಕ್ಲಾಸು ಮುಗಿದ ಮೇಲೆ ರೇವತಿ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು. ಮುಖ ಸಣ್ಣದಾಗಿತ್ತು.

"ಆಂಟಿ, ಮುಂದಿನ ಶನಿವಾರ ಓನರ್ ಮೇಡಂ ಕ್ಲಾಸ್ ನೋಡೋಕೆ ಬರ್ತಾರೆ. ನನ್ನ ಇಟ್ಕೋಬೇಕಾ ಬೇಡ್ವಾ ಅಂತ ಅವತ್ತೇ ಹೇಳ್ತಾರಂತೆ. ಎಲ್ರಿಗೂ ಬಂದ್ಬಿಟ್ಟಿದೆ, ನಿಮಗೊಬ್ರಿಗೇ ಇನ್ನೂ... ನಿಮ್ಮ ಮೇಲೆ ಬೇಜಾರಿಲ್ಲ ಆಂಟಿ. ನಾನು ಹೇಳ್ಕೊಡೋದ್ರಲ್ಲೇ ಏನೋ ತಪ್ಪಿದೆ ಅನ್ಸತ್ತೆ."

ನನಗೆ ನೆಲ ಬಿರಿಯಬಾರದೇ ಎನಿಸಿತು. ನಿಜ ಹೇಳಿಬಿಡೋಣವೆಂದರೆ ಯಾವ ಬಾಯಲ್ಲಿ ಹೇಳುವುದು? ನಿನ್ನ ಕೈಯ ಆಸೆಗೆ ಬಾಗುತ್ತಿದ್ದೆ ಕಣಮ್ಮಾ ಎಂದೇ? ಆ ವಾರವೆಲ್ಲ ಒಂದೇ ಯೋಚನೆ. ಒಮ್ಮೆ ಸರಿಯಾಗಿ ಕುಳಿತೆನೆಂದರೆ ಮತ್ತೆ ತಪ್ಪುವಂತಿಲ್ಲ; ಅವಳು ಎಲ್ಲರನ್ನೂ ದಾಟುವ ಹಾಗೆ ನನ್ನನ್ನೂ ದಾಟಿ ಹೋಗುತ್ತಾಳೆ, ಅಂದಿಗೂ, ಅಂದಿನ ನಂತರದ ಎಲ್ಲ ಶನಿವಾರಗಳಿಗೂ. ಇಷ್ಟು ಸಣ್ಣದನ್ನು ಬಿಟ್ಟುಕೊಡಲು ಇಷ್ಟು ಸಂಕಟವೇ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೆ ಅದು ಸಣ್ಣದೆಂದು ನನಗೆ ಅನಿಸುತ್ತಲೂ ಇರಲಿಲ್ಲ.

ಶನಿವಾರ ಓನರ್ ಬಂದು ಮೂಲೆಯ ಸ್ಟೂಲಿನ ಮೇಲೆ ಕುಳಿತರು. ನಾವು ಕಾಲು ಚಾಚಿದೆವು. ಬರಿಗಾಲಿನ ಸದ್ದು ಸಾಲಿನ ಹಿಂದಿನಿಂದ ಹತ್ತಿರವಾಗುತ್ತ ಬಂತು. ರೂಢಿಯ ಪ್ರಕಾರ ಬೆನ್ನು ತಾನಾಗಿಯೇ ಸಡಿಲವಾಗಲು ನೋಡಿತು. ಉಸಿರು ಬಿಗಿಹಿಡಿದು ನೆಟ್ಟಗೆ ಕುಳಿತೆ. ಹೆಜ್ಜೆ ನನ್ನ ಹಿಂದೆ ಬಂದು ನಿಂತಿತು. ಕನ್ನಡಿಯಲ್ಲಿ ಅವಳ ಮುಖ ಕಂಡಿತು. ಅಚ್ಚರಿಯಿಂದ ನನ್ನ ಬೆನ್ನನ್ನೂ, ಆಮೇಲೆ ಕನ್ನಡಿಯೊಳಗಿನ ನನ್ನ ಕಣ್ಣನ್ನೂ ನೋಡಿದಳು. ನಾನು ದೃಷ್ಟಿ ತಗ್ಗಿಸಿದೆ. ತಿದ್ದಲು ಏನೂ ಇರಲಿಲ್ಲ. ಅವಳು ಮುಂದಿನವರ ಬಳಿಗೆ ಹೋದಳು.

"ಗುಡ್, ರೇವತಿ" ಎಂದರು ಓನರ್, ಮೂಲೆಯಿಂದಲೇ. ಅವಳ ಕೆಲಸ ಉಳಿಯಿತು ಎಂದು ಅವರ ದನಿಯಲ್ಲೇ ಗೊತ್ತಾಗುವಂತಿತ್ತು. ಸಂತೋಷವಾಯಿತು, ಸುಳ್ಳು ಹೇಳುವುದಿಲ್ಲ. ಅಷ್ಟರಲ್ಲಿ ಓನರ್ ಮೊಬೈಲು ಸದ್ದು ಮಾಡಿತು, ಅವರು ಮಾತಾಡಲು ಹೊರಗೆ ಹೋದರು. ನಾನು ಕಣ್ಣು ಮುಚ್ಚಿಕೊಂಡು ಹಾಗೆಯೇ ನೆಟ್ಟಗೆ ಕುಳಿತಿದ್ದೆ.

ಬರಿಗಾಲಿನ ಸದ್ದು ಹಿಂದಿರುಗಿ ಬಂತು. ಯಾರೋ ನನ್ನ ಹಿಂದೆ ಮಂಡಿಯೂರಿದರು. ಬೆನ್ನ ನಟ್ಟನಡುವೆ ಅಂಗೈ ಬಂದು ಕುಳಿತಿತು.

"ಸರಿಯಾಗೇ ಕೂತಿದೀನಲ್ಲಮ್ಮಾ?" ಎಂದು ಪಿಸುಗುಟ್ಟಿದೆ.

"ಗೊತ್ತು ಆಂಟಿ" ಎಂದಳು ರೇವತಿ. ಕೈ ತೆಗೆಯಲಿಲ್ಲ.