ಎರಡು ಜೇಡಗಳಿಗೆ ಮನೆ ನೋಡಿದ್ದು

ನಮ್ಮ ಮನೆಗೆ ಏನೇ ಬಂದರೂ ಅದನ್ನು ಎಲ್ಲಿಡುವುದು ಎಂದು ಯೋಚಿಸುವ ಪಾಳಿ ನನ್ನದೇ. ಮೊದಲು ನೂಲಿನ ಗಂಟು, ಆಮೇಲೆ ನೇಯಿಸಿ ಮಾರುವ ಸಾವುಕಾರರ ಸೀರೆಗಳು, ಅಪ್ಪ ಹೋದ ಮೇಲೆ ಅಪ್ಪನ ಕೋಲು, ಚಪ್ಪಲಿ, ಕನ್ನಡಕ. ಹಾಗಾಗಿ ನನ್ನ ತಂಗಿ ಒಂದು ಶನಿವಾರ ಗದ್ವಾಲದಿಂದ ಎರಡು ಪ್ಲಾಸ್ಟಿಕ್ ಡಬ್ಬಿ ಹಿಡಿದು ನಾರಾಯಣಪೇಟೆಯ ನಮ್ಮ ಬಾಗಿಲಲ್ಲಿ ನಿಂತು, ಇವುಗಳ ಒಳಗೆ ಅಂಗೈ ಅಗಲದ ಎರಡು ಜೇಡಗಳಿವೆ ಎಂದಾಗ, ನಾನು ಹೆದರುವ ಮೊದಲೇ ದಣಿದೆ.

ತಂಗಿ ನನಗಿಂತ ಹನ್ನೆರಡು ವರ್ಷ ಚಿಕ್ಕವಳು. ಗದ್ವಾಲದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ನಾನು ಹದಿನೈದಕ್ಕೇ ಮಗ್ಗಕ್ಕೆ ಕೂತವಳು. ತ್ಯಾಗ ಗೀಗ ಏನಿಲ್ಲ, ನನಗೆ ಓದು ಹತ್ತಲಿಲ್ಲ, ಅಷ್ಟೆ. ಮದುವೆಯೂ ಕೂಡಿಬರಲಿಲ್ಲ. ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಆ ಮನೆಯಲ್ಲಿ ನಾನು, ಮಗ್ಗ, ಒಳಕೋಣೆಯ ತುಂಬ ಸಾವುಕಾರರ ಸೀರೆ ದಾಸ್ತಾನು ಉಳಿದೆವು. ತಂಗಿ ವಾರಕ್ಕೊಮ್ಮೆ ಬಂದು ಊಟ ಮಾಡಿ, ನಿದ್ದೆ ಮಾಡಿ, ಸೋಮವಾರ ಬೆಳಗಿನ ಬಸ್ಸಿಗೆ ಮಕ್ತಲ್ ಮೂಲಕ ಗದ್ವಾಲಕ್ಕೆ ಹೊರಡುತ್ತಿದ್ದಳು.

ರಾಜ್ಯ ಬೇರೆಯಾಗಿ ಎರಡು ಮೂರು ವರ್ಷವಾಗಿತ್ತು. ಕಚೇರಿಗಳ ಬೋರ್ಡು ಬದಲಾಗುತ್ತಿದ್ದವು, ರಸ್ತೆಗಳು ಅಗಲವಾಗುತ್ತಿದ್ದವು, ನೀರಿನ ಪೈಪಿಗೆಂದು ಹೊಲದ ಬದುಗಳನ್ನೆಲ್ಲ ಅಗೆಯುತ್ತಿದ್ದರು. ತಂಗಿಯಂಥ ಕಾಂಟ್ರಾಕ್ಟಿನವರನ್ನು ಇನ್ನೇನು ಖಾಯಂ ಮಾಡಿಬಿಡುತ್ತಾರೆ ಎಂದು ಎಲ್ಲರೂ ಹೇಳುತ್ತಿದ್ದರು. ಖಾಯಮ್ಮು ಬರಲಿಲ್ಲ, ಜೇಡ ಬಂದವು. ಒಂದು ಮಾಗನೂರಿನ ಹತ್ತಿರ ಪೈಪಿನ ಗುಂಡಿ ತೋಡುವಾಗ ಮಣ್ಣಿನೊಳಗಿಂದ ಸಿಕ್ಕಿದ್ದು. ಇನ್ನೊಂದು ಮಕ್ತಲ್ ರಸ್ತೆಯಲ್ಲಿ ಕಡಿದು ಕೆಡವಿದ ಹಳೆಯ ಹುಣಸೆಮರದ ಪೊಟರೆಯೊಳಗಿನದು. ಟರಾಂಟುಲಾ ಜಾತಿಯವು, ಅವುಗಳಿಗೆ ಇದ್ದ ಮನೆ ಹೋಯಿತು, ಹಾಗೇ ಬಿಟ್ಟರೆ ಜನ ಕಲ್ಲು ಹಾಕಿ ಕೊಲ್ಲುತ್ತಾರೆ ಎಂದು ತಂಗಿ ತಂದಿಟ್ಟುಕೊಂಡಿದ್ದಳು. ಗದ್ವಾಲದ ಮನೆಯೊಡತಿ ನೋಡಿ, ಜೇಡ ಇರಬೇಕು ಇಲ್ಲ ನೀನಿರಬೇಕು ಎಂದಳಂತೆ. ಇನ್ನೆಲ್ಲಿಗೆ ತರುತ್ತಾಳೆ, ಅಕ್ಕನ ಮನೆಗೆ.

ನನ್ನ ಮೊದಲ ತಪ್ಪು ಆ ದಿನವೇ ಆಯಿತು. ಮಣ್ಣಿನ ಜೇಡ ದಪ್ಪಗೆ, ಮೈಕೈ ತುಂಬಿಕೊಂಡಿತ್ತು. ಮರದ್ದು ತೆಳ್ಳಗೆ, ಉದ್ದ ಕಾಲಿನದು, ಬೂದು ಮೈಯ ಮೇಲೆ ರಂಗೋಲಿ ಎಳೆದ ಹಾಗೆ ಗೆರೆ. ದೊಡ್ಡವರಿಗೆ ದೊಡ್ಡ ಜಾಗ ಎಂದು ನಾನು ದಪ್ಪನೆಯದಕ್ಕೆ ಎತ್ತರದ ಗಾಜಿನ ಭರಣಿ ತೆಗೆದಿಟ್ಟೆ. ತಂಗಿ ತಲೆ ಅಲ್ಲಾಡಿಸಿದಳು. ಮಣ್ಣಿನದಕ್ಕೆ ಎತ್ತರವೇ ಶತ್ರುವಂತೆ. ಗಾಜು ಹತ್ತಿ ಬಿದ್ದರೆ ಹೊಟ್ಟೆ ಒಡೆದು ಸಾಯುತ್ತದೆ. ಅದಕ್ಕೆ ಬೇಕಾದದ್ದು ಆಳ. ಪೆಟ್ಟಿಗೆಯ ಮುಕ್ಕಾಲು ಪಾಲು ಮಣ್ಣೇ ಇರಬೇಕು, ಮಣ್ಣಿಗೂ ಮುಚ್ಚಳಕ್ಕೂ ನಡುವೆ ಒಂದು ಗೇಣು ಮೀರಬಾರದು. ಮರದ್ದಕ್ಕೆ ಇದರ ತಿರುವುಮುರುವು: ತಳದಲ್ಲಿ ಎರಡು ಬೆರಳು ಮಣ್ಣು ಸಾಕು, ಮೇಲಕ್ಕೆ ಏರಲು ಎತ್ತರ ಬೇಕು, ನೆಟ್ಟಗೆ ನಿಲ್ಲಿಸಿದ ತೊಗಟೆ ಬೇಕು, ಗಾಳಿ ಆಡಲು ಪಕ್ಕಗಳಲ್ಲಿ ತೂತು ಬೇಕು. ಬಾಗಿಲು ಮಾತ್ರ ಮೇಲೆ ಇರಬಾರದು, ಮುಂದೆ ಇರಬೇಕು. ಅದು ಮೇಲ್ಗಡೆಯೇ ಬಲೆ ಕಟ್ಟಿಕೊಂಡು ಕೂರುವುದರಿಂದ, ಮುಚ್ಚಳ ತೆಗೆದಾಗಲೆಲ್ಲ ಮನೆಯ ಸೂರು ಕಿತ್ತ ಹಾಗಾಗಿ ಹೊರಗೆ ಓಡುತ್ತದಂತೆ. ಇಷ್ಟೆಲ್ಲ ನಿಯಮ ನಮಗೆ ಮನೆ ಕಟ್ಟುವಾಗ ಯಾರೂ ಹೇಳಿರಲಿಲ್ಲ ಎಂದೆ. ಅವಳು ನಗಲಿಲ್ಲ. ಜೋರು ನೆಗಡಿಯಾಗಿ ಕಣ್ಣು ಮೂಗು ಎರಡೂ ಸುರಿಯುತ್ತಿದ್ದವು.

ಮಣ್ಣಿನದರ ಮನೆ ಸಲೀಸಾಗಿ ಆಯಿತು. ಮಕ್ತಲಿನಲ್ಲಿ ಯಾರೋ ಮೂಲೆಗೆ ಹಾಕಿದ್ದ ಮೀನಿನ ಗಾಜಿನ ತೊಟ್ಟಿಯನ್ನು ತಂಗಿ ಭಾನುವಾರ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಳು. ಗೊಬ್ಬರ, ಔಷಧಿ ಕಾಣದ ಮಣ್ಣು ಬೇಕೆಂದು ಬೀಳು ನೆಲದ ಮಣ್ಣು ತಂದು ಬಿಸಿಲಿಗೆ ಹರವಿದೆವು. ಎಷ್ಟು ಹಸಿ ಇರಬೇಕು ಎಂದು ಅವಳು ಮೊಬೈಲಿನಲ್ಲಿ ಹುಡುಕುತ್ತಿದ್ದಳು. ಅದನ್ನು ನನಗೆ ಯಾರೂ ಹೇಳಿಕೊಡಬೇಕಿಲ್ಲ. ನಮ್ಮದು ಗುಂಡಿ ಮಗ್ಗ, ಕಾಲು ಗುಂಡಿಯೊಳಗೆ ಇಳಿಬಿಟ್ಟು ನೇಯಬೇಕು. ಬೇಸಿಗೆಯಲ್ಲಿ ಗುಂಡಿ ಒಣಗಿದರೆ ಮೇಲಿನ ಎಳೆಗಳು ಪಟಪಟ ತುಂಡಾಗುತ್ತವೆ, ಅದಕ್ಕೇ ದಿನಾ ನೀರು ಚಿಮುಕಿಸುತ್ತೇವೆ. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆ ನಿಲ್ಲಬೇಕು, ನೀರು ಇಳಿಯಬಾರದು. ಹಾಗೆ ಹದ ಮಾಡಿ ತುಂಬಿ, ಗಾಜಿನ ಪಕ್ಕಕ್ಕೆ ಕೋಲಿನಿಂದ ಓರೆಯಾಗಿ ಒಂದು ತೂತು ಮಾಡಿಕೊಟ್ಟೆ. ಜೇಡ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಆ ತೂತನ್ನೇ ಹಿಡಿದು ತೋಡುತ್ತ ಒಳಗೆ ಹೋಯಿತು. ತೊಟ್ಟಿಯನ್ನು ಹೊರಗಿನ ಪಡಸಾಲೆಯಲ್ಲಿ ಮಗ್ಗದ ಪಕ್ಕ ಇಟ್ಟೆವು. ಆ ಜೇಡ ಈಗಲೂ ಅದರಲ್ಲಿದೆ. ಗುಂಡಿಯ ಅಕ್ಕನಿಗೆ ಗುಂಡಿಯ ಜೇಡ ಎಂದು ತಂಗಿ ಅಂದದ್ದು ನನಗೆ ಸೇರಲಿಲ್ಲ. ಜೇಡ ಇಷ್ಟಪಟ್ಟು ಇಳಿದದ್ದು, ನಾನು ಹೊಟ್ಟೆಪಾಡಿಗೆ.

ಮರದ್ದಕ್ಕೆ ಬಡಿಗರ ಹತ್ತಿರ ಪೆಟ್ಟಿಗೆ ಮಾಡಿಸೋಣ ಎಂದಳು. ನಾನೇ ಬೇಡವೆಂದೆ. ಒಳಕೋಣೆಯಲ್ಲಿ ತಾತನ ಕಾಲದ ಒಂದು ಎತ್ತರದ ಕಪಾಟು ಇತ್ತು. ತೇಗದ್ದು, ಮುಂದೆ ಗಾಜಿನ ಬಾಗಿಲು, ಒಳಗೆ ಸರಳಿನ ಮೇಲೆ ಮಾದರಿ ಸೀರೆಗಳನ್ನು ಇಳಿಬಿಟ್ಟು ಗಿರಾಕಿಗಳಿಗೆ ತೋರಿಸುತ್ತಿದ್ದರು. ಆಮೇಲೆ ಅದರಲ್ಲೂ ಸಾವುಕಾರರ ಸೀರೆಗಳನ್ನೇ ತುಂಬಿದ್ದೆ. ಎತ್ತರ ಇದೆ, ಬಾಗಿಲು ಮುಂದೆ ಇದೆ, ಇನ್ನೇನು ಬೇಕು. ಸೀರೆ ತೆಗೆದು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಒಂದು ಹೊತ್ತು ಬಿಸಿಲಿಗೆ ಇಟ್ಟೆ. ತಂಗಿ ಪಕ್ಕಗಳಿಗೆ ತೂತು ಕೊರೆದು, ಬೇವಿನ ತೊಗಟೆ ನಿಲ್ಲಿಸಿದಳು. ಎಲ್ಲ ಆದ ಮೇಲೆ ನನ್ನನ್ನು ಕರೆದಳು.

"ಅಕ್ಕ, ನನಗ ನೆಗಡಿ, ಏನೂ ಗೊತ್ತಾಗವಲ್ದು. ಇದರಾಗ ಏನಾರ ವಾಸನಿ ಐತೇನು ನೋಡು."

ನಾನು ಕಪಾಟಿನೊಳಗೆ ತಲೆ ತೂರಿಸಿ, ಎರಡು ಸಲ ಉಸಿರೆಳೆದು, ಏನೂ ಇಲ್ಲ ಎಂದೆ. ಸುಳ್ಳಲ್ಲ. ನನಗೆ ಏನೂ ಬರಲಿಲ್ಲ. ಅವಳು ನಂಬಿದಳು. ಎರಡಕ್ಕೂ ಜಿರಲೆ ಹಿಡಿದು ಹಾಕು ಎಂದು ಹೇಳಿ, ಈ ಒಳಕೋಣೆಯಲ್ಲಿ ಒಂದು ಜಿರಲೆಯೂ ಇಲ್ಲವಲ್ಲ ಎಂದು ಬೆರಗುಪಟ್ಟಳು. ನಾನು ಮನೆಯನ್ನು ಅಷ್ಟು ಚೊಕ್ಕಟ ಇಟ್ಟಿದ್ದೇನೆ ಎಂದು ಒಳಗೊಳಗೇ ಹಿಗ್ಗಿದೆ.

ಮಂಗಳವಾರ ಮರದ ಜೇಡ ತೊಗಟೆಯ ಹಿಂದೆ ಇರಲಿಲ್ಲ. ಕೆಳಗೆ, ಗಾಳಿಯ ತೂತಿಗೆ ಮೈ ಒತ್ತಿಕೊಂಡು ಕೂತಿತ್ತು. ಹೊಸ ಜಾಗ, ಒಗ್ಗಿಕೊಳ್ಳಲಿ ಎಂದುಕೊಂಡೆ. ಬುಧವಾರವೂ ಅಲ್ಲೇ. ಗುರುವಾರ ಮಧ್ಯಾಹ್ನ ನೋಡಿದರೆ ಅದರ ಕಾಲುಗಳು ಅದರ ಮಾತು ಕೇಳುತ್ತಿರಲಿಲ್ಲ. ಒಂದು ಕಾಲು ಎತ್ತಿದರೆ ಅದು ನಡುಗಿ ಬೇರೆಲ್ಲೋ ಬೀಳುತ್ತಿತ್ತು. ಅಪ್ಪನ ಕೊನೆಯ ದಿನಗಳು ಹಾಗೇ ಇದ್ದವು. ಕೂಡಲೇ ತಂಗಿಗೆ ಫೋನ್ ಮಾಡಿದೆ. ನೀರು ಕೇಳಿದಳು, ಸೆಕೆ ಕೇಳಿದಳು, ಪಕ್ಕದ ಮನೆಯಲ್ಲಿ ಸೊಳ್ಳೆ ಮದ್ದು ಹೊಡೆದರೇನು ಎಂದು ಕೇಳಿದಳು. ಕೊನೆಗೆ ಆ ಕಪಾಟಿನಲ್ಲಿ ಮೊದಲು ಏನಿತ್ತು ಎಂದಳು. ಸೀರೆ ಎಂದೆ. ಸೀರೆಯ ನಡುವೆ ಏನು ಇಡುತ್ತಿದ್ದೆ ಎಂದಳು.

ಏನು ಇಡುತ್ತಾರೆ. ರೇಷ್ಮೆ ಅಂಚಿನ ಸೀರೆಗೆ ನುಸಿ ಬೀಳದ ಹಾಗೆ ಎಲ್ಲರೂ ಇಡುವ ಬಿಳಿ ಡಾಂಬರ್ ಗೋಳಿ. ನಮ್ಮ ಮನೆಯಲ್ಲಿ ಅಕ್ಕಿ ತಪ್ಪಿದರೂ ಅದು ತಪ್ಪಿದ್ದಿಲ್ಲ. ತಾತ ಇಟ್ಟ, ಅಪ್ಪ ಇಟ್ಟ, ನಾನು ಮೂವತ್ತು ವರ್ಷ ಇಟ್ಟೆ. ಆ ಕಪಾಟಿನ ತೇಗ ಎಷ್ಟು ಗೋಳಿ ಕುಡಿದಿತ್ತೋ. ಹುಳ ಬರಬಾರದೆಂದು ಮೂರು ತಲೆಮಾರು ವಿಷ ಉಣಿಸಿದ ಪೆಟ್ಟಿಗೆಯನ್ನೇ ಹುಡುಕಿ ಹುಡುಕಿ ನಾನು ಆ ಬಡಪಾಯಿಗೆ ಮನೆ ಮಾಡಿಕೊಟ್ಟಿದ್ದೆ.

ತಂಗಿ ಬೈಯಲಿಲ್ಲ. ಈಗಿಂದೀಗ ಹೊರಗೆ ತೆಗೆ, ಹೊಸ ಮಡಕೆಯಲ್ಲಿ ತೊಗಟೆ ನಿಲ್ಲಿಸಿ ಇಡು, ಮೇಲೆ ತೆಳ್ಳನೆ ಬಟ್ಟೆ ಕಟ್ಟಿ ಅಂಗಳದ ನೆರಳಲ್ಲಿಡು ಎಂದಳು. ಒಂದು ಡಬ್ಬಿ ಬೋರಲು ಹಾಕಿ, ಕೆಳಗೆ ರಟ್ಟು ತೂರಿಸಿ ತೆಗೆದೆ. ಮಿಂಚಿನ ಹಾಗೆ ಓಡುತ್ತದೆ ಎಂದು ತಂಗಿ ಹೆದರಿಸಿದ್ದ ಜೀವ ರಟ್ಟಿನ ಮೇಲೆ ಸುಮ್ಮನೆ ಕೂತಿತ್ತು. ಓಡು, ಕಚ್ಚು, ಏನಾದರೂ ಮಾಡು ಎಂದು ಅದಕ್ಕೆ ಹೇಳಿದ್ದು ನೆನಪಿದೆ. ಮಡಕೆಯ ಪಕ್ಕದಲ್ಲೇ ಕೂತೆ. ಆ ದಿನ ಮತ್ತೆ ಮಗ್ಗಕ್ಕೆ ಇಳಿಯಲಿಲ್ಲ.

ತಂಗಿ ರಜೆ ಹಾಕಿ, ಮಕ್ತಲಿನಲ್ಲಿ ಬಸ್ಸು ಬದಲಾಯಿಸಿ ಬರುವ ಹೊತ್ತಿಗೆ ಅದು ಎಂಟು ಕಾಲನ್ನೂ ಹೊಟ್ಟೆಯ ಕೆಳಗೆ ಮಡಚಿಕೊಂಡಾಗಿತ್ತು. ಅವಳು ಮಡಕೆಯೊಳಗೆ ಬೆರಳಿಟ್ಟು ಮುಟ್ಟಿ ನೋಡಿ, ಬಟ್ಟೆ ಮುಚ್ಚಿದಳು. ನನ್ನ ಕೈಯಾರೆ ಹೋಯಿತು ಎಂದೆ. ಅವಳು ಒಳಕೋಣೆಗೆ ಹೋಗಿ ಕಪಾಟಿನ ಬಾಗಿಲು ತೆಗೆದಳು. ನೆಗಡಿ ಹೋಗಿತ್ತು. ಒಂದೇ ಉಸಿರಿಗೆ ಸೆರಗು ಮೂಗಿಗೆ ಒತ್ತಿಕೊಂಡು ಹಿಂದೆ ಸರಿದಳು, ಕಣ್ಣಲ್ಲಿ ನೀರು. ಆಮೇಲೆ ಕೋಣೆಯ ನಡುವೆ ನಿಂತು ಸುತ್ತ ನೋಡಿದಳು. ಇದನ್ನು ಇಷ್ಟು ದಿನ ನಮ್ಮ ಮನೆಯ ವಾಸನೆ ಅಂದುಕೊಂಡಿದ್ದೆ ಎಂದಳು. ನಾನು ಆಗಲೂ, ಅಷ್ಟೇನು ವಾಸನೆ ಇದೆ ಎಂದು ಕೇಳಿದೆ.

ಅವಳು ನನ್ನ ಮುಖವನ್ನೇ ನೋಡಿದಳು. ಅಡಿಗೆಮನೆಗೆ ಹೋಗಿ ಬಂದು, ಮುಷ್ಟಿ ಕಟ್ಟಿ ನನ್ನ ಮುಂದೆ ಕೂತು, ಕಣ್ಣು ಮುಚ್ಚು ಎಂದಳು. ಮುಚ್ಚಿದೆ. ಮೂಗಿನ ಹತ್ತಿರ ಅವಳ ಕೈ ಬಂದದ್ದು ಬಿಸಿಗೆ ಗೊತ್ತಾಯಿತು.

"ಏನೈತಿ ಹೇಳು."

"ಡಾಂಬರ್ ಗೋಳಿ."

ಅದರ ಮಾತೇ ನಡೆದಿತ್ತಲ್ಲ, ಹಾಗಾಗಿ ಅಂದೆ. ಕಣ್ಣು ತೆಗೆದರೆ ಅವಳ ಅಂಗೈಯಲ್ಲಿ ಜಜ್ಜಿದ ಬೆಳ್ಳುಳ್ಳಿ ಇತ್ತು.

"ಎಂದಿನಿಂದ ಹಿಂಗಾಗೇತಿ ಅಕ್ಕ?"

ನನಗೆ ಗೊತ್ತಿರಲಿಲ್ಲ. ಹಾಲು ಒಡೆದದ್ದು, ಅನ್ನ ಸೀದದ್ದು ಕಣ್ಣಿಗೆ ಕಂಡ ಮೇಲೆಯೇ ತಿಳಿಯುತ್ತಿತ್ತು, ಅದನ್ನು ನಾನು ವಯಸ್ಸಿನ ಲೆಕ್ಕಕ್ಕೆ ಹಾಕಿದ್ದೆ. ಪಕ್ಕದಲ್ಲಿ ಕೂತು ಕೇಳುವವರು ಯಾರೂ ಇರಲಿಲ್ಲ. ಜೇಡ ಮೂರು ದಿನದಿಂದ ತೂತಿಗೆ ಮೈ ಒತ್ತಿ ಕೂತದ್ದನ್ನು ನಾನಾದರೂ ನೋಡಿದ್ದೆ, ವಾರವಾರ ಬರುವವಳು ನನ್ನನ್ನು ಅಷ್ಟೂ ನೋಡಿರಲಿಲ್ಲ. ಆ ಯೋಚನೆ ಬಂದದ್ದೇ ನನಗೆ ತಂಗಿಯ ಮೇಲೆ ಸಿಟ್ಟು ಬಂತು, ಆಮೇಲೆ ಅವಳ ಮುಖ ನೋಡಿ ಅದೂ ಇಳಿಯಿತು.

ನಾಳೆಯೇ ರಾಯಚೂರಿಗೆ ಹೋಗಿ ಮೂಗಿನ ಡಾಕ್ಟರಿಗೆ ತೋರಿಸೋಣ ಎಂದಳು. ಮಗ್ಗದ ಮೇಲೆ ಅರ್ಧ ಸೀರೆ ಇದೆ ಎನ್ನಲು ಬಾಯಿ ತೆರೆದೆ. ಅವಳ ಅಂಗೈ ಇನ್ನೂ ನನ್ನ ಮೂಗಿನ ಮುಂದೆಯೇ ಇತ್ತು. ನಾನು ಮತ್ತೊಮ್ಮೆ, ಎದೆ ತುಂಬುವಷ್ಟು ಉಸಿರೆಳೆದು ನೋಡಿದೆ.