ಮನೆ ಹೊತ್ತು ಹೊರಟ ಕಾಕು

ಕಾಕುವಿನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ರೊಟ್ಟಿ ಹಂಚಿನ ಅಂಚು ತಾಗಿ ಸುಟ್ಟ ಗೆರೆಗಳಿದ್ದವು. ಹಳೆಯವು ಬೂದಿ ಬಣ್ಣಕ್ಕೆ ತಿರುಗಿದ್ದವು. ಒಂದೆರಡು ಸದಾ ಹೊಸವು, ಇನ್ನೂ ಕೆಂಪಗೆ ಇರುತ್ತಿದ್ದವು. ದೂರದಿಂದ ನೋಡಿದರೆ ಅವೂ ಬಳೆಗಳೇ ಅನ್ನಿಸುತ್ತಿದ್ದವು. ಗಿಡ್ಡ ಆಳು, ತುಂಬಿದ ಮೈ. ನಡೆಯುವಾಗ ಒಂದು ಕೈ ಸೊಂಟದ ಮೇಲೆ. ಮಾತಾಡುವಾಗ ಮಾತ್ರ ಆ ಸುಟ್ಟ ಕೈ ಗಾಳಿಯಲ್ಲಿ ಎದ್ದು ನಿಲ್ಲುತ್ತಿತ್ತು, ಯಾರನ್ನೋ ಬೈಯುವುದು ಬಾಕಿ ಉಳಿದಿದೆ ಎನ್ನುವಂತೆ.

ರಕ್ತಸಂಬಂಧದಲ್ಲಿ ಅವರು ನನಗೆ ಏನೂ ಅಲ್ಲ. ಸವದತ್ತಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಅವರ ಯಜಮಾನರನ್ನು ಕಾಕಾ ಎಂದು ಕರೆಯುತ್ತಿದ್ದುದರಿಂದ ಅವರು ಕಾಕು ಆದರು. ಕಾಕಾ ಊರೂರಿನ ಹೊಲಗಳ ಲೆಕ್ಕ ಬರೆಯುವ ತಲಾಟಿಯಾಗಿದ್ದವರು. ಕಿತ್ತೂರು, ಬೈಲಹೊಂಗಲ, ರಾಮದುರ್ಗ ಕಡೆಯ ಹಳ್ಳಿಗಳ ಹೊಲಗಳನ್ನೆಲ್ಲ ತುಳಿದವರು. ವರ್ಗಾವಣೆಯ ಆದೇಶ ಬಂದಾಗಲೆಲ್ಲ ಕಾಕು ಮನೆ ಕಟ್ಟಿಕೊಂಡು ಹೊರಡುತ್ತಿದ್ದರು. ಕಾಕಾ ಲಾರಿಯ ಮುಂದೆ ಡ್ರೈವರನ ಪಕ್ಕ ಕೂತರೆ, ಕಾಕು ಹಿಂದೆ ಸಾಮಾನುಗಳ ನಡುವೆ, ಹಾಸಿಗೆ ಗಂಟಿಗೆ ಒರಗಿ.

"ನಾ ಇಡೀ ಸರ್ವೀಸಿನಾಗ ಬಿಟ್ಟ ಬಂದ ದಾರಿನ ನೋಡೇನಿ ಯವ್ವಾ," ಎಂದು ಕಾಕು ಒಮ್ಮೆ ಹೇಳಿದ್ದರು. "ಬರೂ ದಾರಿ ಹೆಂಗಿರತೈತಿ ಅಂತ ಒಮ್ಮಿನೂ ನೋಡಿಲ್ಲ. ಒಂದ ಸಲ ಕಿಟಕ್ಯಾಗ ಕುಂತು, ನೋಡಕೋತ, ನನಗ ಬೇಕಾದಲ್ಲಿ ನಿಂದ್ರಸಕೋತ, ಶ್ರೀಶೈಲಕ್ಕ ಹೋಗಬೇಕು. ಸಾಯೂದರೊಳಗ ಅಷ್ಟ ಆದ್ರ ಸಾಕು."

ನಮ್ಮ ಕಡೆ ಶ್ರೀಶೈಲಕ್ಕೆ ಹೋಗದವರು ಕಡಿಮೆ. ಕಾಕು ಕೂಡ ಎರಡು ಸಲ ಬಾಡಿಗೆ ಗಾಡಿಯಲ್ಲಿ ಹೋಗಿ ಬಂದಿದ್ದರು, ಮಂದಿಯ ನಡುವೆ ಒತ್ತಿ ಕೂತು, ವಾಂತಿ ಮಾಡಿಕೊಳ್ಳುವವರ ತಲೆ ಹಿಡಿದುಕೊಂಡು. ಮಲ್ಲಯ್ಯನ ದರ್ಶನ ಆಗಿತ್ತು, ದಾರಿಯದು ಆಗಿರಲಿಲ್ಲ.

ಕಾಕಾ ನಿವೃತ್ತರಾದ ಮೇಲೆ ಬಂದ ಹಣದಲ್ಲಿ ಒಂದು ಹಳೆಯ ಮಿನಿ ಬಸ್ಸು ಕೊಂಡರು. ಬೈಲಹೊಂಗಲದಲ್ಲಿ ಟ್ರ್ಯಾಕ್ಟರಿಗೆ ಟ್ರೇಲರ್ ಕಟ್ಟಿಕೊಡುವವರ ಹತ್ತಿರ ಅದನ್ನು ಬಿಟ್ಟು, ಒಳಗೆ ಮನೆ ಮಾಡಿಸಿದರು. ಎರಡು ಮಂಚ, ಒಂದು ಕಪಾಟು, ಹಿಂದೆ ಪರದೆ ಎಳೆದರೆ ಬಚ್ಚಲು. ಅಡುಗೆಯ ಜಾಗಕ್ಕೆ ಅವರು ತಗಡು ಬಡಿದುಕೊಟ್ಟರೆ ಕಾಕು ಒಪ್ಪಲಿಲ್ಲ. "ತಗಡಿನ ಮ್ಯಾಲೆ ರೊಟ್ಟಿ ಬಡೀಯಾಕ ಬರತೈತೇನ್ರಿ? ಊರಿಗೆಲ್ಲಾ ಡಂಗುರಾ ಹೊಡದಂಗಾಕ್ಕೈತಿ" ಎಂದು ಕಡಪಾ ಕಲ್ಲು ಹಾಕಿಸಿದರು. ಧಾರವಾಡದಲ್ಲಿರುವ ಮಗಳು ಫೋನಿನಲ್ಲಿ, "ಅಪ್ಪಾ, ಇಷ್ಟ ರೊಕ್ಕದಾಗ ವಿಮಾನದಾಗ ಹೋಗಿ ಬರತಿದ್ರಿ" ಎಂದು ಗದರಿದಳಂತೆ. ಕಾಕು ಫೋನು ಕಸಿದುಕೊಂಡು, "ವಿಮಾನಾ ನಾ ಹೇಳಿದಲ್ಲಿ ನಿಂದರತೈತೇನ?" ಎಂದು ಕೇಳಿದರು.

ಗಾಡಿ ಹೇಗಿದೆ ನೋಡಲು ಮೊದಲು ಕಿತ್ತೂರು, ಬೈಲಹೊಂಗಲಕ್ಕೆ ಹೋಗಿ ಬಂದರು. ಬಂದಾಗ ಕಾಕು ಸೋತು ಸುಣ್ಣವಾಗಿದ್ದರು. ಎಲ್ಲಿ ಗಾಡಿ ನಿಲ್ಲಿಸಿದರೂ ಮಂದಿ ನೋಡಲು ಬರುತ್ತಿದ್ದರು. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಲು ಕಾಕುವಿಗೆ ಗೊತ್ತಿರಲಿಲ್ಲ. ಬಾಗಿಲಿಗೆ ಚಕ್ರ ಇದ್ದರೇನು, ಬಾಗಿಲು ಬಾಗಿಲೇ. ಹೀಗಾಗಿ ಕಿತ್ತೂರಿನ ಕೋಟೆ ಹತ್ತಿರ ಕಾಕಾ ಒಬ್ಬರೇ ಸುತ್ತಾಡಿ ಬಂದರು, ಕಾಕು ಒಳಗೆ ಚಹಾ ಸೋಸುತ್ತ ಉಳಿದರು.

"ಡೀಜೇಲಿಗಿಂತ ಚಾಪುಡಿ ಖರ್ಚ ಭಾಳ ಆತು ನೋಡವಾ ತಂಗಿ," ಎಂದು ಕಾಕಾ ನನ್ನ ಮುಂದೆ ದೂರಿದರು. ಟೈರು, ವಿಮೆ, ಡೀಜೇಲು ಎಂದು ಹಣ ಒಂದೇ ಸಮ ಹರಿದುಹೋಗುತ್ತಿತ್ತು, ಅವರು ಅದನ್ನು ನಗುತ್ತಲೇ ಹೇಳುತ್ತಿದ್ದರು.

"ದಣಿವಾತೇನ್ರಿ ಕಾಕು?" ಎಂದು ನಾನು ಕೇಳಿದೆ.

"ದಣಿವಿಗೇನವಾ, ಕುಂತ್ರೂ ಬರತೈತಿ, ನಿಂತ್ರೂ ಬರತೈತಿ. ಆ ಊರಾಗಿನ ನೀರ ನೋಡ ಮೊದಲ. ಸವಳ ನೀರು. ಬ್ಯಾಳಿ ಬೇಯಲಿಲ್ಲ, ಹಾಲ ಒಡೀತು. ಬಂದವರ ಮುಂದ ಮರ್ಯಾದಿ ಹೋತು."

ಅದಕ್ಕಾಗಿ ಶ್ರೀಶೈಲಕ್ಕೆ ಹೊರಡುವ ಮೊದಲು ಗಾಡಿಯ ನೆತ್ತಿಯ ಮೇಲೆ ಒಂದು ದೊಡ್ಡ ಕಪ್ಪು ಟಾಕಿ ಕೂತಿತು. ಅದರ ತುಂಬ ಅವರ ಹಿತ್ತಲ ಬಾವಿಯ ಸಿಹಿ ನೀರು. ಒಳಗೆ ಕಲ್ಲು, ಮೇಲೆ ಕೆರೆ. ಅದು ಯಾರಿಗೂ ತಪ್ಪು ಅನ್ನಿಸಲಿಲ್ಲ, ಕಾಲೇಜು ಓದಿದ ನನಗೂ ಅನ್ನಿಸಲಿಲ್ಲ. ಪಯಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುವುದಿಲ್ಲವೇ, ಇವರು ಬಾವಿ ಕಟ್ಟಿಕೊಂಡರು ಎಂದು ನಮ್ಮ ಓಣಿಯೆಲ್ಲ ನಕ್ಕಿತು.

ನಾನು ರಾಮದುರ್ಗದ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಅವರು ಹೊರಟದ್ದೂ ಅದೇ ದಾರಿ. "ಬಾ ಯವ್ವಾ, ನಿನ್ನ ಕಾಲೇಜಿನ ತನಕ ನಮ್ಮ ಮನ್ಯಾಗ ಕುಂತ ಬಾ" ಎಂದು ಕಾಕು ಕೈ ಹಿಡಿದು ಹತ್ತಿಸಿದರು. ವಿದ್ಯಾರ್ಥಿಗಳಿಗೆ ರಜೆ ಇತ್ತು, ತಡವಾದರೆ ಕೇಳುವವರಿರಲಿಲ್ಲ.

ಸಿರಸಂಗಿಯಲ್ಲಿ ಕಾಳಮ್ಮನಿಗೆ ಕೈ ಮುಗಿಯಲು ನಿಂತೆವು. ಅಲ್ಲೂ ಹೆಂಗಸರು ಗಾಡಿಯೊಳಗೆ ಇಣುಕಿದರು. ಅಲ್ಲೂ ಚಹಾ ಇಟ್ಟಾಯಿತು. ಒಬ್ಬ ಮುದುಕಿ ಮೆಟ್ಟಿಲ ಮೇಲೆ ಕೂತು ಚಹಾದ ಬಸಿ ಬಾಯಿಗೆ ಹಿಡಿದು, "ಏನವಾ, ನೀ ಮನಿ ಬಿಟ್ಟ ಬಂದಿಯೋ, ಮನಿ ನಿನ್ನ ಬಿಟ್ಟಿಲ್ಲೋ?" ಎಂದಳು. ಕಾಕು ಕಣ್ಣೀರು ಬರುವ ತನಕ ನಕ್ಕರು. ಬಸಿ, ಪಾತ್ರೆ ತೊಳೆದು, ಬಂದವರಿಗೆ ಚರಿಗೆ ತುಂಬಿ ಕೊಟ್ಟು, ಮೇಲಿನ ನೀರು ಅರ್ಧಕ್ಕೆ ಇಳಿದಿತ್ತು. ತುಂಬಿದ ಟಾಕಿಗಿಂತ ಅರ್ಧ ಟಾಕಿ ಕೆಟ್ಟದ್ದು, ಒಳಗಿನ ನೀರಿಗೆ ಓಡಾಡಲು ಜಾಗ ಸಿಗುತ್ತದೆ ಎನ್ನುವುದು ಆಮೇಲೆ ತಿಳಿಯಿತು.

ಮುಂದೆ ಒಂದು ಇಳಿಜಾರಿನ ತಿರುವು. ಎದುರಿನಿಂದ ಎರಡು ಟ್ರೇಲರ್ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರು ದಾರಿ ತುಂಬಿಕೊಂಡು ಬಂತು. ಕಾಕಾ ಎಡಕ್ಕೆ ಎಳೆದರು. ಚಕ್ರ ಡಾಂಬರು ಬಿಟ್ಟು ಮಣ್ಣಿಗಿಳಿಯಿತು. ಆಗ ತಲೆಯ ಮೇಲೆ ಒಂದು ಸದ್ದು ಕೇಳಿತು, ಮಾಳಿಗೆಯ ಮೇಲೆ ಮಲಗಿದ ದೊಡ್ಡ ಪ್ರಾಣಿಯೊಂದು ಮಗ್ಗಲು ಬದಲಿಸಿದ ಹಾಗೆ. ನೀರೆಲ್ಲ ಒಂದೇ ಕಡೆ ಬಂದು ಬಡಿದಿತ್ತು. ಆ ಸದ್ದು ಇನ್ನೂ ಹೋಗಿಲ್ಲ. ಯಾರ ಮನೆಯಲ್ಲಾದರೂ ಕೊಡ ಬಗ್ಗಿಸಿದರೆ ಸಾಕು, ನನ್ನ ಕೈ ಹಿಡಿಯಲು ಏನನ್ನಾದರೂ ಹುಡುಕುತ್ತದೆ.

ಗಾಡಿ ಉರುಳಿತು ಅನ್ನುವುದಕ್ಕಿಂತ, ದಣಿದವರು ಒರಗುವ ಹಾಗೆ ಎಡಕ್ಕೆ ಒರಗಿ ಕಂದಕದಲ್ಲಿ ಮಲಗಿತು. ಬಾಗಿಲು ನಮ್ಮ ಕೆಳಗೆ, ಮಣ್ಣಿಗೆ ಅಂಟಿಕೊಂಡಿತ್ತು. ನನ್ನ ಮೇಲೆ ಹಾಸಿಗೆ, ಡಬ್ಬಿ, ಜೋಳದ ಹಿಟ್ಟು. ಮುಂದಿನಿಂದ ಕಾಕಾ, "ಎಲ್ಲಿದ್ದೀಯೇ? ಏ, ಎಲ್ಲಿದ್ದೀಯೇ?" ಎಂದು ಕೂಗುತ್ತಿದ್ದರು. ಅಷ್ಟರಲ್ಲಿ ವಾಸನೆ ಬಂತು. ಗ್ಯಾಸಿನ ಕೊಳವೆ ಕಿತ್ತು, ಸಿಲಿಂಡರು ಅಡ್ಡ ಬಿದ್ದು ಬುಸುಗುಡುತ್ತಿತ್ತು.

ಹಿಂದಿನ ಗಾಜಿನಾಚೆ ಟ್ರ್ಯಾಕ್ಟರಿನವನು ಓಡಿ ಬರುತ್ತಿದ್ದ. ಬಾಯಲ್ಲಿ ಹೊತ್ತಿದ ಬೀಡಿ ಹಾಗೇ ಇತ್ತು. ನಾನು ಅದನ್ನು ನೋಡಿದೆ. ನೋಡಿದೆ ಅಷ್ಟೇ, ನನ್ನಿಂದ ದನಿ ಹೊರಡಲಿಲ್ಲ. ಕೂಗಿದವರು ಕಾಕು.

"ಏ ತಮ್ಮಾ, ಬೀಡಿ ಒಗಿ! ಒಗೀಯೋ, ನಿನ್ನ ಬಾಯಿಗಿ ಬೆಂಕಿ ಬೀಳಲಿ! ದೂರ ಒಗಿ!"

ಅವನು ಗಕ್ಕನೆ ನಿಂತು, ಬೀಡಿಯನ್ನು ಎಸೆದು ತುಳಿದ. ಕಾಕು ಆಗಲೇ ಮಗುಚಿದ ಕಡಪಾ ಕಲ್ಲಿನ ಕೆಳಗೆ ತಮ್ಮ ಬಲಗೈ ತೂರಿಸಿ ಸಿಲಿಂಡರು ಬಂದ್ ಮಾಡುವ ತಿರುಪಿಗಾಗಿ ತಡಕಾಡುತ್ತಿದ್ದರು. ಕಲ್ಲು ಜಾರಿತು. ಮೂಳೆ ಮುರಿದದ್ದು ನನಗೂ ಕೇಳಿಸಿತು. ಕಾಕು ಹಲ್ಲು ಕಚ್ಚಿದರು, ಕೈ ಮಾತ್ರ ತೆಗೆಯಲಿಲ್ಲ. ಬುಸುಗುಡುವುದು ನಿಂತಿತು. ಆಮೇಲೆ ಕೈ ಎಳೆದುಕೊಂಡರು.

ಹೊರಗಿನವರು ಹಿಂದಿನ ಗಾಜು ಒಡೆದರು. ನಾನು ಕಾಕುವನ್ನು ಮುಂದೆ ತಳ್ಳಿದೆ. ಅವರು ಎಡಗೈಯಿಂದ ನನ್ನ ರಟ್ಟೆ ಹಿಡಿದು ಹಿಂದೆ ಸರಿದರು. "ನೀ ಮೊದಲ ಹೋಗ. ನಾ ದಪ್ಪ ಅದೇನಿ, ಅದರಾಗ ಸಿಕ್ಕೊಂಡ್ರ ನಿನಗ ದಾರಿ ಇರಂಗಿಲ್ಲ. ನಡಿ, ನಾಟಕಾ ಮಾಡಬ್ಯಾಡ."

ದಾರಿಯ ದಂಡೆಯಲ್ಲಿ ಮೂವರೂ ಕೂತೆವು. ಕಾಕಾರ ಹಣೆಯಿಂದ ರಕ್ತ ಇಳಿಯುತ್ತಿತ್ತು. ಒಡೆದ ಟಾಕಿಯ ನೀರು ಕಂದಕದುದ್ದಕ್ಕೂ ಹರಿದು ಹೊಲಕ್ಕಿಳಿಯುತ್ತಿತ್ತು. ಕಾಕು ಅದನ್ನೇ ನೋಡುತ್ತ, ಮುರಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು, "ಛಲೋ ನೀರಿತ್ತು" ಎಂದರು.

ಗಾಡಿ ತಿಂಗಳುಗಟ್ಟಲೆ ರಿಪೇರಿಗೆ ನಿಂತಿತು. ಮರಳಿ ಬಂದಾಗ ಟಾಕಿಯೂ ಇರಲಿಲ್ಲ, ಕಲ್ಲೂ ಇರಲಿಲ್ಲ. ಕಾಕಾರ ಕೈಗೂ ಮತ್ತೆ ಸ್ಟೇರಿಂಗ್ ಒಗ್ಗಿತು. ಒಗ್ಗದೆ ಉಳಿದವಳು ನಾನು. ಬಸ್ಸು ನಿಲ್ದಾಣಕ್ಕೆ ಹೋಗುತ್ತಿದ್ದೆ, ರಾಮದುರ್ಗದ ಬಸ್ಸು ಬರುತ್ತಿತ್ತು, ಮೊದಲ ಮೆಟ್ಟಿಲಿಗೆ ಕಾಲಿಟ್ಟರೆ ತಲೆಯ ಮೇಲೆ ನೀರಿನ ಸದ್ದು. ಬಸ್ಸು ಹೋಗುತ್ತಿತ್ತು, ನಾನು ಮನೆಗೆ ಮರಳುತ್ತಿದ್ದೆ. ನನ್ನ ರಜೆಯೆಲ್ಲ ಮುಗಿದಿತ್ತು. ಕೆಲಸ ಬಿಡುತ್ತೇನೆಂದು ಅವ್ವನಿಗೆ ಹೇಳಿದ್ದು ಗೋಡೆಯಾಚೆ ಕಾಕುವಿಗೆ ಕೇಳಿಸಿರಬೇಕು.

ಮರುದಿನ ಬೆಳಿಗ್ಗೆ ಕಾಕು ನಮ್ಮ ಹೊಸ್ತಿಲಲ್ಲಿ ನಿಂತಿದ್ದರು. ಇಳಕಲ್ ಸೀರೆ ಉಟ್ಟು, ಪ್ಲಾಸ್ಟರು ಬಿಚ್ಚಿದ ಸೊಟ್ಟ ಕೈಯಲ್ಲಿ ಬುತ್ತಿಯ ಚೀಲ ಹಿಡಿದು. "ನಡಿ, ನಾನೂ ರಾಮದುರ್ಗಕ್ಕ ಬರತೇನಿ. ಹೆಂಗಸರಿಗೆ ಬಸ್ಸ ಪುಕ್ಕಟ ಐತಿ. ನಿಮ್ಮ ಕಾಕಾನ ಗಾಡಿಯಂಗ ಡೀಜೇಲ ಕೇಳಂಗಿಲ್ಲ."

ಕಿಟಕಿಯಿಂದ ಕಂದಕ ಕಾಣಬಾರದೆಂದು ನನ್ನನ್ನು ನಡುದಾರಿಯ ಕಡೆ ಕೂಡಿಸಿ, ತಾವು ಕಿಟಕಿಯ ಕಡೆ ಕೂತರು. ತಿರುವು ಹತ್ತಿರ ಬರುತ್ತಿದ್ದಂತೆ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ. ಆಗ ಕಾಕು ಇದ್ದಕ್ಕಿದ್ದಂತೆ, "ನಿಮ್ಮವ್ವನ ಪಲ್ಯಾದಾಗ ಉಪ್ಪ ಯಾಕ ಇರಂಗಿಲ್ಲವಾ? ಉಪ್ಪು ತುಟ್ಟಿ ಆಗೇತೇನ?" ಎಂದರು.

"ನಮ್ಮವ್ವನ ಪಲ್ಯಾಕ್ಕ ಏನಾಗೇತ್ರಿ?"

"ಏನೂ ಆಗಿಲ್ಲ, ಅದ ಹೇಳಾಕತ್ತೇನಿ. ಪಲ್ಯಾ ಅಂದ್ರ ಏನರ ಆಗಬೇಕು."

ಸಿಟ್ಟಿನಲ್ಲಿ ನಾನು ವಾದಿಸುತ್ತಿರುವಾಗಲೇ ತಿರುವು ಹಿಂದೆ ಸರಿದಿತ್ತು. ಮರುದಿನ ಅದೇ ಜಾಗದಲ್ಲಿ ನನ್ನ ರೊಟ್ಟಿಯನ್ನು ಹಳಿದರು, ಅದರ ಮರುದಿನ ನನ್ನ ಹೆರಳನ್ನು. ಇಡೀ ದಿನ ಓದುವ ಕೋಣೆಯ ಬೆಂಚಿನ ಮೇಲೆ ಕೂತಿರುತ್ತಿದ್ದರು, ಸಂಜೆ ನನ್ನ ಜೊತೆ ಮರಳುತ್ತಿದ್ದರು. ಇಳಿಯುವಾಗ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ, ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತಿದ್ದರು. ವಾರಗಳ ಮೇಲೆ ಒಂದು ದಿನ ನಾನೇ, "ಇನ್ನ ಬ್ಯಾಡ್ರಿ ಕಾಕು, ನಾ ಹೋಗತೇನಿ" ಎಂದೆ. ಒಬ್ಬಳೇ ಹೋದೆ. ಸಂಜೆ ನಾನು ಓಣಿಗೆ ಬಂದದ್ದನ್ನು ಕಟ್ಟೆಯ ಮೇಲಿಂದ ನೋಡಿ ಒಳಗೆ ಹೋದರು.

ಶ್ರೀಶೈಲಕ್ಕೆ ದಿನ ಗೊತ್ತು ಮಾಡುವ ಮಾತು ನಡೆದಿತ್ತು. ಅಷ್ಟರಲ್ಲಿ ಒಂದು ಮುಂಜಾನೆ, ಒಲೆಯ ಮುಂದೆ ಕೂತ ಕಾಕು ಹಾಗೇ ಪಕ್ಕಕ್ಕೆ ವಾಲಿದರು. ದವಾಖಾನೆಗೆ ಒಯ್ಯುವ ಅವಕಾಶವನ್ನೂ ಕೊಡಲಿಲ್ಲ.

ದಿನಕರ್ಮಗಳೆಲ್ಲ ಮುಗಿದು ಮಂದಿ ಚದುರಿದ ಮೇಲೆ ಕಾಕಾ ಒಬ್ಬರೇ ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ನಾನು ಚಹಾ ಒಯ್ದು ಕೊಟ್ಟೆ.

"ಕೈ ಕಟ್ಟಿಸಾಕ ಹೋದಾಗನ ಡಾಕ್ಟರ ಹೇಳಿದ್ರವಾ," ಎಂದರು ಕಾಕಾ. "ಎದಿ ಸೋತೇತಿ, ಓಡಾಟ ಕಡಿಮಿ ಮಾಡ್ರಿ, ಎಲ್ಲಿಗರ ಹೋಗೂದಿದ್ರ ಒಮ್ಮೆ ಹೋಗಿ ಬಂದು ಕುಂತಬಿಡ್ರಿ ಅಂತ. ಗಾಡಿ ಬಂದ ದಿನಾನ ನಾ ಅಂದೆ, ನಡಿ, ಶ್ರೀಶೈಲಕ್ಕ ಹೋಗಿಬಿಡೂಣು. ಆ ಹುಡುಗಿ ಒಬ್ಬಾಕಿನ ಹೋಗುವಂಗ ಆಗಲಿ ತಡೀರಿ ಅಂದ್ಲು."

ದೂರುವ ದನಿ ಅದಾಗಿರಲಿಲ್ಲ. ಇದ್ದದ್ದನ್ನು ಹೇಳಿದರು. ನಾನು ಅಲ್ಲೇ ನೆಲದ ಮೇಲೆ ಕೂತೆ. ಕಾಕಾ ಬಸಿಗೆ ಚಹಾ ಬಗ್ಗಿಸಿಕೊಳ್ಳುತ್ತ ಕೇಳಿದರು, "ಬಸ್ಸಿನಾಗ ಕಿಟಕಿ ಕಡೆ ಯಾರ ಕುಂದರತಿದ್ರಿ?"

"ಕಾಕುನ ಕುಂದರತಿದ್ರು."

"ದಿನಾಲೂ?"

"ದಿನಾಲೂ."

ಕಾಕಾ ತಲೆಯಾಡಿಸಿದರು. ಮುಖ ತುಸು ಹಗುರಾಯಿತು. "ಹಂಗಾರ ದಾರಿ ನೋಡ್ಯಾಳ ಬಿಡು," ಎಂದು ಚಹಾ ಕುಡಿದರು.

ನಾನು ಹೌದೆಂದೆ. ಹೋಗುವಾಗಲೂ ಬರುವಾಗಲೂ ಕಾಕು ಕಿಟಕಿಗೆ ಬೆನ್ನು ಕೊಟ್ಟು, ನನ್ನ ಕಡೆಗೇ ತಿರುಗಿ, ನನ್ನ ಮುಖವನ್ನೇ ನೋಡುತ್ತ ಕೂತಿರುತ್ತಿದ್ದರು ಎನ್ನುವುದನ್ನು ಕಾಕಾರಿಗೆ ಈವರೆಗೂ ಹೇಳಿಲ್ಲ.